ಮದ್ದು ಹಾಕಿದ ನೀರು

ಕರುಪ್ಪುಸಾಮಿ ಬೀದಿಯ ಮೂಲೆಯಿಂದ ಬ್ಲೀಚಿಂಗ್ ಪೌಡರಿನ ಗೆರೆ ಎಳೆಯುತ್ತ ಬರುತ್ತಿದ್ದ. ತಗಡಿನ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ನಡೆಯುತ್ತ ಅಲುಗಿಸಿದರೆ ಬಿಳಿ ಪುಡಿ ಚರಂಡಿಯ ಅಂಚಿನಲ್ಲಿ ನೇರವಾಗಿ ಇಳಿಯುತ್ತಿತ್ತು. ಬೀದಿಯ ನಡುವೆ, ಬೆಳಗಿನ ತಂಪಿಗೆಂದು ಸೆಲ್ಲಪ್ಪನ್ ಮನೆಯವರು ಉದ್ದಕ್ಕೆ ಹಾಸಿದ್ದ ಪಾವು, ಮಗ್ಗಕ್ಕೇರಿಸುವ ಹಾಸುನೂಲು, ಇನ್ನೂ ಗಂಜಿ ಕುಡಿಯುತ್ತ ಕವೆಗೋಲುಗಳ ಮೇಲೆ ನಿಂತಿತ್ತು.

"ಏಯ್ ಕರುಪ್ಪಾ! ಪಾವು ನೋಡ್ಕೊಂಡು ಹಾಕಪ್ಪಾ. ಗಾಳಿಗೆ ಪೌಡರು ಹಾರಿ ಕೂತ್ರೆ ಬಣ್ಣ ಹೋಗ್ಬುಡ್ತದೆ," ಎಂದು ಸೆಲ್ಲಪ್ಪನ್ ಕುಂಚ ಹಿಡಿದುಕೊಂಡೇ ಕೂಗಿದ.

"ಪಾವು ಎತ್ತಿಂಗಣ್ಣಾ. ಸಾವಿನ ಮನೆ ಎದ್ರುಗೆ ಇಟ್ಕೊಂಡು ಯಾರಾದ್ರೂ ಪಾವು ಹಾಸ್ತಾರಾ?"

"ಹಾಸಿದ್ಮೇಲೆ ತಾನೇ ಆಳು ಬಂದು ಹೇಳಿದ್ದು. ಗಂಜಿ ಹಾಕಿದ ಪಾವು ಅರ್ಧಕ್ಕೆ ಎತ್ತಕ್ಕಾಗ್ತದಾ? ಮೇಸ್ತ್ರಿ ಇದ್ದಿದ್ರೆ ಅವ್ರೇ 'ಮುಗಿಸ್ಕಳಪ್ಪಾ' ಅಂತಿದ್ರು."

"ಮೇಸ್ತ್ರಿ ಇದ್ದಿದ್ರೆ 'ಚರಂಡಿಗೆ ಯಾಕಪ್ಪಾ ಗಂಜಿ ಚೆಲ್ತೀಯ' ಅಂತಿದ್ರು," ಎಂದು ಕರುಪ್ಪುಸಾಮಿ ಡಬ್ಬಿಯನ್ನು ಇನ್ನೂ ಕೆಳಕ್ಕೆ ಹಿಡಿದು, ನೂಲಿನ ಪಕ್ಕದಲ್ಲಿ ಬಗ್ಗಿ ನಡೆದ.

ಅವನು ಟೌನ್ ಪಂಚಾಯತಿಯಲ್ಲಿ ಚರಂಡಿ ಎತ್ತುವ ಆಳು. ಮನೆಯ ಮಾತು ತೆಲುಗು, ಊರಿನ ಮಾತು ತಮಿಳು. ಈ ನೇಕಾರರ ಕನ್ನಡ ಮಾತ್ರ ನಂಜುಂಡನ್ ಮೇಸ್ತ್ರಿಯ ಹಿಂದೆ ಸುತ್ತಿ ಸುತ್ತಿ ಬಂದದ್ದು, ತಮಿಳಿನ ಮರ್ಯಾದೆಯ 'ಇಂಗ' ಅದಕ್ಕೂ ಅಂಟಿತ್ತು. ಮೇಸ್ತ್ರಿ ಅಂದರೆ ಗಾರೆ ಕೆಲಸದ ಮೇಸ್ತ್ರಿ ಅಲ್ಲ, ಪಂಚಾಯತಿಯ ಸುಕಾದಾರ ಮೇಸ್ತ್ರಿ, ಅಂದರೆ ಆರೋಗ್ಯ ಇಲಾಖೆಯವರು: ಕಕ್ಕೂಸು, ಚರಂಡಿ, ಸೊಳ್ಳೆ, ಸೀಕು, ಬೀದಿನಾಯಿ, ಎಲ್ಲ ಅವರ ಪಾಲು. ಅವರು ರಿಟೈರಾಗಿ ಕೆಲವು ವರ್ಷಗಳಾಗಿದ್ದವು. ಹಿಂದಿನ ಸಂಜೆ ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ದೊಡ್ಡವರು ಯಾರಾದರೂ ಬರುವ ಬೀದಿಗೆ ಹೀಗೆ ಬಿಳಿ ಗೆರೆ ಹಾಕುವುದು ಪಂಚಾಯತಿಯ ವಾಡಿಕೆ. ಇವತ್ತು ಯಾರೂ ಬರುವವರಿರಲಿಲ್ಲ. ಕರುಪ್ಪುಸಾಮಿ ಆಫೀಸಿನಲ್ಲಿ ಹೇಳಿ, ಪೌಡರು ತಂದು, ತಾನಾಗಿಯೇ ಹಾಕುತ್ತಿದ್ದ.

ಮನೆಯ ಮುಂದೆ ಚಪ್ಪರ ಎದ್ದಿತ್ತು. ಕೊಯಮತ್ತೂರಿನ ಸೆರಗಿನಲ್ಲಿ, ಕರುಮತ್ತಂಪಟ್ಟಿಯ ದಾರಿಗೆ ಅಂಟಿಕೊಂಡ ಈ ಪುದೂರಿನ ನೇಕಾರ ಬೀದಿಯಲ್ಲಿ ಸಾವಿನ ದಿನವೂ ಪವರ್‌ಲೂಮಿನ ಸದ್ದು ಪೂರ್ತಿ ನಿಲ್ಲುವುದಿಲ್ಲ. ಹತ್ತಿರದ ಮನೆಗಳವರು ನಿಲ್ಲಿಸಿದ್ದರು. ದೂರದ್ದು ಟಕಟಕ ಎನ್ನುತ್ತಲೇ ಇತ್ತು. ಒಳಗೆ ನಡುಮನೆಯಲ್ಲಿ ನಂಜುಂಡನ್ ದಕ್ಷಿಣಕ್ಕೆ ತಲೆ ಮಾಡಿ ಮಲಗಿದ್ದ. ತಲೆಯ ಬಳಿ ಹೆಂಡತಿ ಸುಬ್ಬಾತಾಳ್. ಸುತ್ತ ಕುಳಿತ ಹೆಂಗಸರ ನಡುವೆ ನಾಚಿಯಮ್ಮ ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು. ಬೀದಿಯಲ್ಲಿ ಯಾರು ಸತ್ತರೂ ಹಾಡುವವಳು ಅವಳೇ.

"ಹಾಸು ಹೂಡಿದವ್ನೇ, ಹೊಕ್ಕು ಹೊಡೆದವ್ನೇ,
ಪಟ್ಟೆಯಂಚು ನೇಯ್ದು ಪೆಟ್ಟೀಲಿ ಮಡಗ್ದವ್ನೇ..."

"ಅವ್ರು ಎಲ್ಲಿ ನೇಯ್ದ್ರು ಅಕ್ಕಾ," ಎಂದಳು ಸುಬ್ಬಾತಾಳ್, ತಲೆಯೆತ್ತದೆ.

ನಾಚಿಯಮ್ಮ ನಿಲ್ಲಿಸಿ ಮೂಗೊರೆಸಿಕೊಂಡಳು. "ಮತ್ತೇನಂತ ಹಾಡ್ಲಿ ಹೇಳು? ಕಕ್ಕೂಸು ಅಂತ ಹಾಡಕ್ಕಾಗ್ತದಾ? ನಂಗೆ ಗೊತ್ತಿರದು ಮಗ್ಗದ ಹಾಡು. ಮಾಮ ಹೋಗಿ ಆ ಕೆಲ್ಸಕ್ಕೆ ಸೇರ್ಕಂಡ್ರೆ ನಾನೇನ್ ಮಾಡ್ಲಿ?"

ಒಂದಿಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಸುಬ್ಬಾತಾಳಿನ ಮುಖದಲ್ಲೂ ಒಂದು ಕ್ಷಣ ನಗೆಯಂಥದೇನೋ ಹಾದುಹೋಯಿತು. ನಾಚಿಯಮ್ಮ ಮತ್ತೆ ಮಗ್ಗಕ್ಕೇ ಹೋದಳು.

ಹೊರಗೆ ಜಗಲಿಯ ಮೇಲೆ ದೊರೈಸಾಮಿ ಕೂತಿದ್ದರು. ಕುಲದ ಹಿರಿತನ ಅವರದು. ಬೀದಿಯವರು 'ಪೆರಿಯದನಕ್ಕಾರರು' ಎನ್ನುತ್ತಿದ್ದುದು ಅವರನ್ನೇ. ಸತ್ತವರ ಮೈ ತೊಳೆಯಲು ಚೌಡಮ್ಮನ ಗುಡಿಯ ಬಾವಿಯಿಂದ ನೀರು ತರಬೇಕು. ಅದು ವಾಡಿಕೆ. ಬಾವಿಗೆ ಕಬ್ಬಿಣದ ಸರಳಿನ ಬಾಗಿಲು, ಅದಕ್ಕೊಂದು ಬೀಗ, ಬೀಗದ ಕೈ ದೊರೈಸಾಮಿಯವರ ಸೊಂಟದಲ್ಲಿ. ಬೇರೆ ಮನೆಯಾಗಿದ್ದರೆ ಕೇಳುವ ಮೊದಲೇ ಅದನ್ನು ತೆಗೆದು ಕೊಟ್ಟಿರುತ್ತಿದ್ದರು. ಈ ಮನೆಗೆ ಆ ಬಾವಿಯ ನೀರು ನಿಂತು ಮೂವತ್ತು ವರ್ಷದ ಹತ್ತಿರವಾಗಿತ್ತು.

ಸತ್ತವನ ಮಗ ದೇವರಾಜನ್ ಬಂದು ಅವರ ಮುಂದೆ ನಿಂತ. ಅವನಿಗೆ ಈ ಮಾತು ಆಡುವುದಕ್ಕೇ ಸಂಕೋಚ.

"ದೊಡ್ಡಪ್ಪಾ, ನೀರಿಗೆ ಹೊರಡ್ಬೇಕು. ಅಮ್ಮ ಕೇಳ್ತಾವ್ಳೆ..."

"ಮನೇಲಿ ಡ್ರಮ್ಮು ತುಂಬ ಪೈಪ್ ನೀರು ಅದೆಯಲ್ಲಪ್ಪಾ. ಅದ್ರಲ್ಲೇ ಮೂರು ಕೊಡ ತುಂಬಿ, ಮೇಲೆ ಬಟ್ಟೆ ಹಿಡ್ದು ಒಂದ್ಸುತ್ತು ಬಂದ್ರೆ ಆಯ್ತು. ಇವಾಗ ಯಾರು ನೋಡ್ತಾರೆ?"

"ನಾನು ಹೇಳ್ದೆ ದೊಡ್ಡಪ್ಪಾ. ಅಮ್ಮ ಒಪ್ತಾ ಇಲ್ಲೆ."

ಮಾತು ಒಳಗೆ ಕೇಳಿಸಿತ್ತು. ಸುಬ್ಬಾತಾಳಿನ ದನಿ ಹೊಸ್ತಿಲು ದಾಟಿ ಬಂತು. "ಬಾವಾ. ಚೌಡಮ್ಮನ ನೀರಿಲ್ದೆ ಇವ್ರು ಈ ಮನೆಯಿಂದ ಎದ್ದು ಹೋಗಲ್ಲ."

ದೊರೈಸಾಮಿ ಎದ್ದು ಬಾಗಿಲವರೆಗೆ ಬಂದರು. "ಅವನೇ ಯಾವತ್ತೂ ಕೇಳ್ಲಿಲ್ಲವಲ್ಲ ಅಮ್ಮಣಿ."

"ಅವ್ರು ಕೇಳ್ಲಿಲ್ಲ. ನಾನು ಕೇಳ್ತಾ ಇದ್ದೀನಿ. ಕೊಡ ಹೊತ್ತೋಳು ನಾನು."

*

ಊರಿಗೆ ವಾಂತಿಭೇದಿ ಬಂದ ವರ್ಷ ನಂಜುಂಡನ್ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನೂಲು ಸಿಗದೆ ಮಗ್ಗಗಳು ನಿಂತಿದ್ದ ಕಾಲದಲ್ಲಿ ಬೀದಿಯ ಗಂಡಸರು ಕೆಲವರು ಮಿಲ್ಲಿಗೆ ಹೋದರು, ಕೆಲವರು ಜವಳಿ ಹೊತ್ತು ಮಾರಲು ಹೋದರು. ನಂಜುಂಡನ್ ಪಂಚಾಯತಿಗೆ ಹೋದ. ಖಾಕಿ ಅಂಗಿ ಹಾಕಿಕೊಂಡು ಬಂದ ಮೊದಲ ದಿನವೇ ಬೀದಿ ಅವನಿಗೆ 'ಕಕ್ಕೂಸು ಮೇಸ್ತ್ರಿ' ಎಂದು ಹೆಸರಿಟ್ಟಿತು. ಅವನು ಅದಕ್ಕೂ ತಿರುಗಿ ನೋಡುತ್ತಿದ್ದ.

ಚೌಡಮ್ಮನ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ಆ ಹಬ್ಬದಲ್ಲಿ ತಾಯಿಯನ್ನು ಬಾವಿಯಿಂದ ಕರೆಯಬೇಕು. ಬಾವಿಯ ನೀರನ್ನು ಕಲಶಕ್ಕೆ ತುಂಬಿ, ಕಲಶದ ಬಾಯಿಯ ಮೇಲೆ ಅಲಗನ್ನು, ತಾಯಿಯ ಕತ್ತಿಯನ್ನು, ಮೊನೆ ಕೆಳಗಾಗಿ ನಿಲ್ಲಿಸುತ್ತಾರೆ. ಸುತ್ತ ಹರೆಯದವರು ಬರಿಮೈಯಲ್ಲಿ ಎದೆಗೆ ತೋಳಿಗೆ ಕತ್ತಿ ಹಾಕಿಕೊಳ್ಳುತ್ತ "ತಕೋ ತಾಯೇ, ತಕೋ" ಎಂದು ಕರೆಯುತ್ತಾರೆ. ಕೈಬಿಟ್ಟ ಮೇಲೂ ಅಲಗು ತಾನಾಗಿ ನಿಂತರೆ ತಾಯಿ ಬಂದಳು ಎಂದು ಅರ್ಥ. ಆಗ ಅಲಗು ನಿಲ್ಲಿಸುವ ಕೈ ದೊರೈಸಾಮಿಯದು. ಹಿರಿತನ ಇನ್ನೂ ಅವನ ಅಪ್ಪನದು.

ಹಬ್ಬದ ಹಿಂದಿನ ಆ ದಿನ, ನೂಲಿಗೆ ಬಣ್ಣ ಹಾಕುವವರ ಕೇರಿಯಲ್ಲಿ ಇಬ್ಬರು ಭೇದಿಯಾಗಿ ಸತ್ತರು. ನಂಜುಂಡನ್ ಹಾಡಹಗಲೇ ಗುಡಿಯ ಬಾವಿಗೆ ಬಂದ. ಹಿಂದೆ ಕರುಪ್ಪುಸಾಮಿ, ಆಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸು. ಅವನು ಕಟ್ಟೆಯ ಕೆಳಗೆ ಕೂತು ಬಕೀಟಿನಲ್ಲಿ ಪೌಡರು ಕಲಸಿದ. ಕಲಸಿ, ಬಕೀಟನ್ನು ನೆಲದ ಮೇಲಿಟ್ಟು ದೂರ ಸರಿದು ನಿಂತ. ಅವನು ಕಟ್ಟೆ ಹತ್ತುವಂತಿರಲಿಲ್ಲ. ನಂಜುಂಡನ್ ಇಳಿದು ಬಂದು ಬಕೀಟು ಎತ್ತಿಕೊಂಡು ಹೋಗಿ ಬಾವಿಗೆ ಸುರಿದ. ಹಗ್ಗಕ್ಕೆ ಕೊಡ ಕಟ್ಟಿ ಮೇಲೆ ಕೆಳಗೆ ಆಡಿಸಿದ.

"ಅದೇನೋ ಹಾಕದು?" ಎಂದು ಯಾರೋ ಕೇಳಿದರು.

"ಭೇದಿಗೆ ಮದ್ದು. ಅರ್ಧ ಗಂಟೆ ಬುಟ್ಟು ಸೇದ್ಕಳಿ."

ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕು ಎಂದು ಅವನಿಗೆ ಹೊಳೆಯಲೂ ಇಲ್ಲ.

ಮರುದಿನ ಬೆಳಿಗ್ಗೆ ಅಲಗು ನಿಲ್ಲಲಿಲ್ಲ. ದೊರೈಸಾಮಿ ನಿಲ್ಲಿಸುತ್ತಾನೆ, ಕೈಬಿಡುತ್ತಾನೆ, ಅದು ವಾಲುತ್ತದೆ. ಹುಡುಗರ ಎದೆಯಿಂದ ರಕ್ತ ಪಂಚೆಗೆ ಇಳಿಯಿತು. ತಂಬಟೆಯವರ ಕೈ ಸೋತಿತು. ದೊರೈಸಾಮಿ ಬೆವರುತ್ತ ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. ಕೊನೆಗೆ ಅವನ ಅಪ್ಪ ಕಲಶದ ಮೇಲೆ ಬಗ್ಗಿ ನೀರು ಮೂಸಿದರು. ಮೂಸಿ, ಗುಂಪಿನಲ್ಲಿ ನಂಜುಂಡನ್ ಎಲ್ಲಿದ್ದಾನೆಂದು ನೋಡಿದರು.

ಅಂದು ಸಂಜೆ ಗುಡಿಯ ಕಂಬದ ಹತ್ತಿರ ಕುಲ ಕೂಡಿತು. ತಪ್ಪಾಯಿತು ಎಂದು ಬಿದ್ದು ಏಳು, ಮುಗಿಯಿತು, ಎಂದರು ಹಿರಿಯರು.

"ತಾಯಿಗೆ ಬೀಳ್ತೀನಿ," ಎಂದ ನಂಜುಂಡನ್. "ಮದ್ದು ಹಾಕಿದ್ದು ತಪ್ಪು ಅಂತ ಬೀಳಲ್ಲ."

ಹಾಗೆಯೇ ತಾಯಿಗೆ ಉದ್ದಕ್ಕೆ ಬಿದ್ದು, ಎದ್ದು, ಧೂಳು ಕೊಡವಿಕೊಂಡು ಮನೆಗೆ ಹೋದ. ಆ ಮನೆಗೆ ಬಾವಿಯ ನೀರಿಲ್ಲ, ನೆರೆಯ ಬೆಂಕಿಯಿಲ್ಲ ಎಂದು ಕಟ್ಟಾಯಿತು.

ಆ ವರ್ಷ ಸುತ್ತಣ ಕೇರಿಗಳಲ್ಲಿ ಸಾವು ತುಂಬಾ ಆಯಿತು. ನೇಕಾರ ಬೀದಿಯಲ್ಲಿ ಯಾರೂ ಸಾಯಲಿಲ್ಲ. ಕೋಪ ಬಂದರೂ ತಾಯಿ ಮಕ್ಕಳನ್ನು ಕಾಪಾಡಿದಳು ಎಂದು ಬೀದಿಯವರು ಹೇಳಿಕೊಂಡರು. ನಂಜುಂಡನ್ ಕೂಡ ಅದನ್ನು ಅಲ್ಲ ಎನ್ನಲಿಲ್ಲ.

*

"ಅದೆಲ್ಲ ನಮ್ಮಪ್ಪನ ಕಾಲದ ಮಾತು ಅಮ್ಮಣಿ," ಎಂದರು ದೊರೈಸಾಮಿ. "ಕಟ್ಟಿದೋರೂ ಇಲ್ಲೆ. ಇವಾಗ ಇವನೂ ಹೋದ." ಸೊಂಟದಿಂದ ಬೀಗದ ಕೈ ಬಿಚ್ಚಿ ದೇವರಾಜನ್‌ನ ಕೈಯಲ್ಲಿಟ್ಟರು. "ಹೋಗಪ್ಪಾ. ತಂದ್ಕ. ಬಿಸ್ಲು ಏರ್ತದೆ."

ಸುಬ್ಬಾತಾಳ್ ತಲೆಯೆತ್ತಿ ನೋಡಿದಳು. ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಅವಳು ಎಣಿಸಿರಲಿಲ್ಲ. ರಾತ್ರಿಯೆಲ್ಲ ಕೂಡಿಟ್ಟುಕೊಂಡ ಮಾತುಗಳು ಬಾಯಲ್ಲೇ ಉಳಿದವು.

ಶಂಖ, ಜಾಗಟೆ ಮುಂದೆ ಹೋದವು. ನಾಲ್ವರು ಬಿಳಿ ಬಟ್ಟೆಯನ್ನು ಮೇಲೆ ಎತ್ತಿ ಹಿಡಿದರು. ಅದರ ನೆರಳಿನಲ್ಲಿ ದೇವರಾಜನ್ ಮತ್ತು ದಾಯಾದಿಗಳು ಕೊಡ ಹೊತ್ತು ನಡೆದರು. ಕರುಪ್ಪುಸಾಮಿಯ ಬಿಳಿ ಗೆರೆ ಮನೆಯ ಮುಂದಿನ ಮೆಟ್ಟಿಲವರೆಗೆ ಬಂದು ನಿಂತಿತ್ತು. ಅವನು ಡಬ್ಬಿ ಹಿಡಿದು ಎದುರಿನ ಬೇವಿನ ಕೆಳಗೆ ಕೂತ. ಸೆಲ್ಲಪ್ಪನ್ ಕೊನೆಗೂ ನೂಲು ಸುತ್ತಿಟ್ಟು ಬಂದು ಜಗಲಿಯ ತುದಿಯಲ್ಲಿ ನಿಂತ.

ನೀರು ಬಂತು. ದೇವರಾಜನ್ ಮೊದಲ ಕೊಡವನ್ನು ಸುಬ್ಬಾತಾಳಿನ ಮುಂದೆ ಇಳಿಸಿದ. ವಾಡಿಕೆಯಂತೆ ಅವಳು ಅದಕ್ಕೆ ಅರಿಶಿನ ಹಾಕಬೇಕು. ಅರಿಶಿನದ ಬಟ್ಟಲು ಹಿಡಿದು ಬಗ್ಗಿದವಳು ಹಾಗೆಯೇ ನಿಂತಳು.

"ಇದು ಯಾವ ನೀರು?"

"ಚೌಡಮ್ಮನ ಬಾವೀದಮ್ಮಾ. ನೀನು ಕೇಳಿದ್ದೇ."

"ವಾಸ್ನೆ ಬರ್ತದೆ."

"ಅಮ್ಮಾ, ಸುಮ್ನಿರು."

ಅವಳು ಕೈ ಅದ್ದಿ ಮೇಲೆತ್ತಿದಳು. ಬೆರಳಿಗೆ ಹಸಿರು ಪಾಚಿ ನೂಲಿನಂತೆ ಅಂಟಿ ಬಂತು. ಪಾರಿವಾಳದ ಪುಕ್ಕವೊಂದು ಕೊಡದೊಳಗೆ ಸುತ್ತುತ್ತಿತ್ತು. ಬೀದಿಗೆ ನಲ್ಲಿ ಬಂದ ಮೇಲೆ ಆ ಬಾವಿಯ ನೀರು ಕುಡಿದವರಿರಲಿಲ್ಲ. ಹಬ್ಬಕ್ಕೊಮ್ಮೆ, ಸಾವಿಗೊಮ್ಮೆ ಬೀಗ ತೆಗೆಯುವರು, ಸೇದುವರು, ಮುಚ್ಚುವರು. ಒಳಗೆ ಬಗ್ಗಿ ನೋಡುವ ಕೆಲಸ ಯಾರದೂ ಆಗಿರಲಿಲ್ಲ.

"ಈ ನೀರಾ ಅವ್ರ ಮೇಲೆ ಹಾಕದು?" ಎಂದಳು ಸುಬ್ಬಾತಾಳ್. "ನಾಯಿ ಮೇಲೆ ಹಾಕಿದ್ರೂ ಬೈತಿದ್ರು ಅವ್ರು."

ದೊರೈಸಾಮಿ ಒಳಗೆ ಬಂದರು. ದನಿ ಗಟ್ಟಿಯಾಯಿತು. "ಬೇಕು ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇನಾ? ಕುಲದೋರೆಲ್ಲ ಏನು ಆಟಕ್ಕೆ ಬಂದವ್ರಾ?"

"ಬೇಡ ಅನ್ಲಿಲ್ಲ ಬಾವಾ. ಮದ್ದು ಹಾಕಿ ತನ್ನಿ."

ನಾಚಿಯಮ್ಮನ ಹಾಡು ನಡುವೆಯೇ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ದೂರದ ಪವರ್‌ಲೂಮು ಒಂದೇ ಕೇಳಿಸುತ್ತಿತ್ತು.

"ಹಳೇದ ತಿರುಗ ಎತ್ತಬೇಡ ಅಮ್ಮಣಿ," ಎಂದರು ದೊರೈಸಾಮಿ. "ಆ ಬಾವಿಗೆ ಮದ್ದು ಬಿದ್ದು ಆದದ್ದು ಸಾಕು. ತಾಯಿ ಇಳಿಯೋ ನೀರದು."

ಸುಬ್ಬಾತಾಳ್ ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು. "ಅವತ್ತು ಬಿದ್ದೇಳಿ ಅಂತ ಅವ್ರ ಕಾಲು ಹಿಡಿದೋಳು ನಾನು ಬಾವಾ. ಇವತ್ತು ಬೀಳಕ್ಕೆ ನನ್ನ ಕೈಲಿ ಆಗ್ತಾ ಇಲ್ಲೆ."

*

ನೀರು ನಿಂತ ಮೇಲೆ ಅವಳು ರೈಲು ಹಳಿ ದಾಟಿ ಕೌಂಡರ ತೋಟದ ಬಾವಿಗೆ ಹೋಗಬೇಕಾಗಿತ್ತು. ಹೋಗುವಾಗ ಚೌಡಮ್ಮನ ಬಾವಿಯ ಮುಂದೆಯೇ ಹೋಗಬೇಕು. ಬರುವಾಗ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಮತ್ತೆ ಅದರ ಮುಂದೆಯೇ ಬರಬೇಕು. ಕಟ್ಟೆಯ ಮೇಲಿನ ಹೆಂಗಸರು ರಾಟೆ ನಿಲ್ಲಿಸಿ ಅವಳು ಹಾದುಹೋಗುವವರೆಗೂ ಸುಮ್ಮನಿರುವರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಒಂದ್ಸಲ ಬಿದ್ದೇಳಿ," ಎಂದು ಅವಳು ಗಂಡನಿಗೆ ಹೇಳಿದಳು. ಎಷ್ಟೋ ಸಲ ಹೇಳಿದಳು, ಅತ್ತು ಹೇಳಿದಳು. "ನೆಲ ಏನು ಕಚ್ಚುತ್ತಾ? ನಿಮ್ಗೆ ನಿಮ್ಮ ಮದ್ದು ದೊಡ್ಡದು. ನನ್ನ ಸೊಂಟ ದೊಡ್ಡದಲ್ಲ."

ನಂಜುಂಡನ್ ಮರುದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ತಾನೇ ಕೊಡ ಹೆಗಲಿಗಿಟ್ಟುಕೊಂಡು ತೋಟಕ್ಕೆ ಹೊರಟ. ಗಂಡಸು ಕೊಡ ಹೊತ್ತು ಬರುವುದನ್ನು ನೋಡಿ ಬೀದಿ ನಕ್ಕಿತು. ಕಕ್ಕೂಸು ಮೇಸ್ತ್ರಿ ನೀರು ಮೇಸ್ತ್ರಿಯಾದ, ಎಂದರು. ಅವಳಿಗೆ ಅದು ಇನ್ನೂ ಅವಮಾನವಾಯಿತು. ಕಸಿದುಕೊಂಡು ತಾನೇ ಹೋದಳು. ಆಮೇಲೆ ಇಬ್ಬರೂ ಒಟ್ಟಿಗೆ ಹೋಗತೊಡಗಿದರು. ಅವನು ಹಿಂದೆ, ಅವಳು ಮುಂದೆ, ಮಾತಿಲ್ಲದೆ.

ಸಂಜೆ ಕೆಲಸದಿಂದ ಬಂದರೆ ಅವನು ಮುಂಬಾಗಿಲಿನಿಂದ ಬರುತ್ತಿರಲಿಲ್ಲ. ಹಿತ್ತಲಿಗೆ ಸುತ್ತಿ ಬಂದು, ಒಗೆಯುವ ಕಲ್ಲಿನ ಮೇಲೆ ಕೂತು ಸ್ನಾನ ಮಾಡಿ, ಆಮೇಲೆ ಒಳಗೆ. ಅವನ ಟವೆಲ್ಲಿಗೆ ಹಿತ್ತಿಲ ಬಾಗಿಲ ಹೊರಗೆ ಬೇರೆಯದೇ ಒಂದು ಮೊಳೆ. ಅದನ್ನು ಹೊಡೆದವಳು ಅವಳೇ. ಎಷ್ಟು ಸ್ನಾನ ಮಾಡಿದರೂ ಆ ಮದ್ದಿನ ಘಾಟು ಮೈಯಲ್ಲಿ ಉಳಿಯುತ್ತಿತ್ತು. "ತಿರುಗಿ ಮಲಗಿ, ಮೂಗುರಿ ಬರ್ತದೆ," ಎಂದು ಅವಳು ಮೊದಮೊದಲು ಹೇಳುತ್ತಿದ್ದಳು. ಅವನು ತಿರುಗಿ ಮಲಗುತ್ತಿದ್ದ. ಹೇಳುವುದನ್ನು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಪಂಚಾಯತಿಯವರು ರಸ್ತೆಯ ಬದಿಗೆ ನೀರಿನ ಟ್ಯಾಂಕು ಕಟ್ಟಿ, ಬೀದಿಯ ಮೂಲೆಗೆ ನಲ್ಲಿ ಹಾಕಿದ ಮೇಲೆ ಎಲ್ಲ ಕೊಡಗಳೂ ಒಂದೇ ಸಾಲಿನಲ್ಲಿ ನಿಂತವು. ಅಲ್ಲಿ ಯಾರ ಕೊಡ ಯಾರದಕ್ಕೆ ತಾಗಿತು ಎಂದು ನೋಡಿಕೊಂಡಿದ್ದರೆ ನೀರು ನಿಂತುಹೋಗುತ್ತಿತ್ತು. ನಲ್ಲಿಯಲ್ಲಿ ಮಾತು ಶುರುವಾಯಿತು. ಆಮೇಲೆ ಮದುವೆಗೆ ಕರೆದರು, ಆಮೇಲೆ ಬೆಂಕಿ ಕೇಳಿ ಬಂದರು. ಕಟ್ಟು ಬಿಚ್ಚಿದೆವು ಎಂದು ಯಾರೂ ಹೇಳಲಿಲ್ಲ, ಅದು ತಾನಾಗಿ ಸವೆದುಹೋಯಿತು. ಬಾವಿ ಒಂದೇ ಉಳಿಯಿತು.

*

"ಒಂದು ಮಾತು ಕೇಳ್ತೀನಿ ಬಾವಾ," ಎಂದಳು ಸುಬ್ಬಾತಾಳ್. "ಹೋದ ಹಬ್ಬಕ್ಕೆ ಅಲಗು ನಿಂತ್ತಾ?"

"ನಿಂತ್ತು. ಒಂದೇ ಸಲಕ್ಕೆ ನಿಂತ್ತು."

"ಕಲಶದಲ್ಲಿ ಯಾವ ನೀರಿತ್ತು?"

ದೊರೈಸಾಮಿ ಹೇಳುವ ಮೊದಲೇ ಜಗಲಿಯಿಂದ ಸೆಲ್ಲಪ್ಪನ್ ಬಾಯಿ ಹಾಕಿದ: "ಪೈಪ್ ನೀರು ತಾನೇ! ಬಾವಿ ನೀರು ನಾರ್ತದೆ ಅಂತ ನಾನೇ ಅಲ್ವಾ ನಲ್ಲೀಲಿ ಹಿಡ್ಕೊಂಡು ಬಂದಿದ್ದು? ಬಾವಿ ಕಟ್ಟೆ ಮೇಲೆ ಒಂದ್ಗಳಿಗೆ ಮಡಗಿ, ಕೈ ಮುಗ್ದು, ತಕೊಂಡು ಹೋದ್ವಿ. ಅದ್ರ ಹಿಂದಿನ ವರ್ಷಾನೂ ಹಂಗೇ."

"ಬಾಯಿ ಮುಚ್ಚೋ," ಎಂದರು ದೊರೈಸಾಮಿ.

"ಮುಚ್ಚದ್ಯಾಕೆ ಬಾವಾ? ಎಲ್ಲಾರ್ಗೂ ಗೊತ್ತಿರದೇ." ಸುಬ್ಬಾತಾಳಿನ ದನಿಯಲ್ಲಿ ಜಗಳವಿರಲಿಲ್ಲ. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ನಿಂತು ಮಾತಾಡುವ ದನಿಯೇ ಅದು. "ಪೈಪ್ ನೀರಲ್ಲಿ ಮದ್ದಿಲ್ವಾ? ಆ ಟ್ಯಾಂಕಿಗೆ ದಿನಾ ಮದ್ದು ಹಾಕ್ತಾ ಇದ್ದೋರು ಯಾರು?"

ಬೇವಿನ ಕೆಳಗಿನಿಂದ ಕರುಪ್ಪುಸಾಮಿ, ತನ್ನನ್ನೇ ಕೇಳಿದರೆಂದುಕೊಂಡು, ಎದ್ದು ನಿಂತು ಹೇಳಿದ: "ಮೇಸ್ತ್ರಿ ತಾನುಂಗ. ನಾನು ಕೆಳಗೆ ಏಣಿ ಹಿಡ್ಕೊಳ್ತಿದ್ದೆ, ಅವ್ರು ಹತ್ತಿ ಹಾಕ್ತಿದ್ರು. ರಿಟೈರ್ ಆಗೋವರ್ಗೂ ಅವ್ರೇ. ಇವಾಗ ಬೇರೆಯೋರು ಹಾಕ್ತಾರೆ. ಪೌಡರು ಇದೇ."

ದೊರೈಸಾಮಿ ತಮ್ಮ ಬಲಗೈಯನ್ನು ನೋಡಿಕೊಂಡರು. ಈಗ ಅಲಗು ನಿಲ್ಲಿಸುವವನು ಅವರ ಮಗ. ಆದರೆ ನಿಲ್ಲಿಸುವ ಹೊತ್ತಿನಲ್ಲಿ ಮೊದಲು ಅದನ್ನು ಮುಟ್ಟಿ ಕೊಡುವ ಕೈ ಇನ್ನೂ ಅವರದೇ. ವರ್ಷಾವರ್ಷ ಮುಟ್ಟಿ ಕೊಟ್ಟಿದ್ದರು. ವರ್ಷಾವರ್ಷ ನಿಂತಿತ್ತು. ತಾಯಿ ಆ ನೀರಿಗೆ ಬಂದಿದ್ದಳು. ಬಂದವಳನ್ನು ಬರಲಿಲ್ಲ ಎನ್ನುವುದು ಅವರ ಬಾಯಲ್ಲಿ ಆಗದ ಮಾತು.

ಅವರು ಸತ್ತವನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬೀದಿಯ ಕಡೆ ತಿರುಗಿದರು.

"ಪೌಡರು ಮಿಕ್ಕದೆಯಾ?"

"ಡಬ್ಬೀಲಿ ಅದೆ ಸಾಮೀ."

"ಸಾಕಾಗ್ತದಾ?"

"ಬಾವಿಗೆ ಇದೇ ಜಾಸ್ತಿ ಸಾಮೀ."

"ನಡಿ ಮತ್ತೆ. ಹೊತ್ತಾಗ್ತದೆ."

ಈ ಸಲ ಶಂಖವಿಲ್ಲ, ಜಾಗಟೆಯಿಲ್ಲ. ಅವೆರಡನ್ನೂ ಮತ್ತೆ ನುಡಿಸಬೇಕೋ ಬಾರದೋ ಎಂದು ಯಾರಿಗೂ ತಿಳಿಯದೆ, ಊದುವವನು ಶಂಖವನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಬಂದ. ಮೊದಲು ತಂದ ಮೂರು ಕೊಡದ ನೀರನ್ನು ದಾರಿಯ ತೆಂಗಿನ ಬುಡಕ್ಕೆ ಸುರಿದರು. ಗುಡಿಯ ಬಳಿ ಹೋದಾಗ ಬಾವಿಯ ಸರಳಿನ ಬಾಗಿಲು ತೆರೆದೇ ಇತ್ತು. ಒಂದು ಪಾರಿವಾಳ ಒಳಗಿನಿಂದ ಫಡಫಡಿಸಿ ಮೇಲೆದ್ದಿತು. ದೊರೈಸಾಮಿ ಕಟ್ಟೆ ಹತ್ತಿ ಒಳಗೆ ಬಗ್ಗಿ ನೋಡಿದರು. ನೋಡಿ, ಹಿಂದೆ ಸರಿದರು.

ಕರುಪ್ಪುಸಾಮಿ ಕಟ್ಟೆಯ ಕೆಳಗೆ ಕೂತ. ಬಕೀಟಿಗೆ ಪೌಡರು ಹಾಕಿ, ಚೂರುಚೂರೇ ನೀರು ಬಿಟ್ಟು ಕಡ್ಡಿಯಿಂದ ಗಂಜಿಯಂತೆ ಕಲಸಿದ. ಆಮೇಲೆ ತುಂಬ ನೀರು ಹಾಕಿ ಸುಮ್ಮನಾದ.

"ಮತ್ತೇನು ನೋಡ್ತೀಯ?" ಎಂದ ಸೆಲ್ಲಪ್ಪನ್.

"ಸುಣ್ಣ ತಳಕ್ಕೆ ಇಳೀಲಿಂಗಣ್ಣಾ. ಮೇಲಿನ ತಿಳಿ ಮಾತ್ರ ಹಾಕ್ಬೇಕು. ಇಲ್ದಿದ್ರೆ ಮೇಸ್ತ್ರಿ ಬೈತಾರೆ."

ಬೈತಾರೆ ಎಂದದ್ದಕ್ಕೆ ಯಾರೂ ನಗಲಿಲ್ಲ, ತಿದ್ದಲೂ ಇಲ್ಲ.

ತಿಳಿಯನ್ನು ಬೇರೆ ಬಕೀಟಿಗೆ ಬಗ್ಗಿಸಿ, ಕರುಪ್ಪುಸಾಮಿ ಅದನ್ನು ಕಟ್ಟೆಯ ಬುಡದಲ್ಲಿ ನೆಲದ ಮೇಲಿಟ್ಟ. ಇಟ್ಟು, ಹಳೆಯ ರೂಢಿಯಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ದೊರೈಸಾಮಿ ಕಟ್ಟೆಯ ಅಂಚಿಗೆ ಬಂದು ಬಕೀಟನ್ನು ನೋಡಿದರು. ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ಅರ್ಧಕ್ಕೆ ಬಗ್ಗಿದರು, ಮತ್ತೆ ನೆಟ್ಟಗಾದರು.

"ಬಗ್ಗಕ್ಕಾಗಲ್ಲಪ್ಪಾ ನಂಗೆ. ಕೈಗೇ ಕೊಡು."

ಕರುಪ್ಪುಸಾಮಿ ಸುತ್ತ ನಿಂತವರನ್ನು ನೋಡಿದ. ದೇವರಾಜನ್ ಮುಂದೆ ಬರಲು ಹೋದ. ದೊರೈಸಾಮಿ ಅವನನ್ನು ಕೈಯಲ್ಲೇ ತಡೆದರು. ಕರುಪ್ಪುಸಾಮಿ ಮುಂದೆ ಬಂದು, ಬಕೀಟು ಎತ್ತಿ ಹಿಡಿದ. ದೊರೈಸಾಮಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬಾವಿಗೆ ಸುರಿದರು. ದೇವರಾಜನ್ ಹಗ್ಗ ಬಿಟ್ಟು ಕೊಡವನ್ನು ಮೇಲೆ ಕೆಳಗೆ ಆಡಿಸಿದ. ಪಾಚಿ ಕದಡಿ, ನೀರು ಗಿರ್ರನೆ ತಿರುಗಿ, ನಿಧಾನಕ್ಕೆ ನಿಂತಿತು.

"ಇವಾಗ ಸೇದಣ್ವಾ?" ಎಂದು ದೇವರಾಜನ್ ಕೇಳಿದ.

"ಅರ್ಧ ಗಂಟೆ," ಎಂದರು ದೊರೈಸಾಮಿ ಮತ್ತು ಕರುಪ್ಪುಸಾಮಿ, ಒಟ್ಟಿಗೇ.

ಬಿಸಿಲು ಕಟ್ಟೆಯ ಕಲ್ಲಿನ ಮೇಲೆ ಹರಿದು ಬಂತು. ಬಟ್ಟೆ ಹಿಡಿದ ನಾಲ್ವರು ಅದನ್ನು ತಲೆಯ ಮೇಲೆ ಎಳೆದುಕೊಂಡು ಕುಕ್ಕರಗಾಲಲ್ಲಿ ಕೂತರು. ಯಾರೋ ಬೀಡಿ ತೆಗೆದು, ದೊರೈಸಾಮಿಯ ಮುಖ ನೋಡಿ, ಮತ್ತೆ ಒಳಗಿಟ್ಟರು.

"ಸತ್ತ ಮೇಲೂ ನಮ್ಮನ್ನ ಬಿಸ್ಲಲ್ಲಿ ನಿಲ್ಸಿದ್ರು ನೋಡು ಮೇಸ್ತ್ರಿ," ಎಂದ ಸೆಲ್ಲಪ್ಪನ್.

"ಕೂತ್ಕ," ಎಂದರು ದೊರೈಸಾಮಿ.

ಹೊತ್ತು ಕಳೆದ ಮೇಲೆ ದೊರೈಸಾಮಿ ಒಂದು ಕೊಡ ಸೇದಿಸಿದರು. ಅದರ ಮೇಲೆ ಬಗ್ಗಿ, ಅವರ ಅಪ್ಪ ಕಲಶದ ಮೇಲೆ ಬಗ್ಗಿದ ಹಾಗೆಯೇ, ನೀರು ಮೂಸಿದರು. ಕರುಪ್ಪುಸಾಮಿಯ ಕಡೆ ನೋಡಿ ಹುಬ್ಬೆತ್ತಿದರು.

"ವಾಸ್ನೆ ಬಂದ್ರೆ ಸರಿಂಗ," ಎಂದ ಅವನು.

"ಬರ್ತದೆ," ಎಂದರು ಅವರು. ಶಂಖದವನಿಗೆ ಊದು ಎಂದು ಸನ್ನೆ ಮಾಡಿದರು.

ಮನೆಯಲ್ಲಿ ಸುಬ್ಬಾತಾಳ್ ಈ ಸಲ ಕೊಡಕ್ಕೆ ಬಗ್ಗಬೇಕಾಗಿರಲಿಲ್ಲ. ಹೊಸ್ತಿಲು ದಾಟುವಾಗಲೇ ಘಾಟು ಬಂತು. ಅವಳು ಅರಿಶಿನ ಹಾಕಿ ಕೈ ಮುಗಿದಳು. ಅಂಗಳದಲ್ಲಿ ಸೀರೆ ಅಡ್ಡ ಹಿಡಿದರು. ನಂಜುಂಡನ್‌ನನ್ನು ಬೆಂಚಿನ ಮೇಲೆ ಕೂರಿಸಿ ಹಿಂದಿನಿಂದ ಇಬ್ಬರು ಹಿಡಿದರು. ಹೆಂಗಸರು ಸುಬ್ಬಾತಾಳಿನ ತೋಳು ಹಿಡಿದು ಸೀರೆಯ ಈಚೆಗೆ ನಿಲ್ಲಿಸಿಕೊಂಡರು. ನಾಚಿಯಮ್ಮ ಗಂಟಲು ಸರಿಮಾಡಿಕೊಂಡಳು. ಮಗ್ಗದ ಹಾಡು ಶುರು ಮಾಡಲು ಹೋಗಿ, ನಿಂತು, ಎಲ್ಲಿಂದಲೋ ಹುಡುಕಿದವಳಂತೆ ಬೇರೆ ಎತ್ತಿದಳು.

"ಏಣಿ ಹತ್ತಿದವ್ನೇ, ಟ್ಯಾಂಕಿ ತುಂಬಿದವ್ನೇ,
ಊರಿನ ಕೊಡಕೆಲ್ಲ ಕಾವಲು ನಿಂತವ್ನೇ..."

ಮುಂದಿನ ಸಾಲು ಅವಳಿಗೆ ಹೊಳೆಯಲಿಲ್ಲ. ಇದೇ ಎರಡನ್ನು ತಿರುಗಿ ತಿರುಗಿ ಹಾಡಿದಳು.

ದೇವರಾಜನ್ ಮೊದಲ ಕೊಡ ಸುರಿದ. ಬಿಸಿಲಿಗೆ ಕಾದ ಅಂಗಳದ ಕಲ್ಲಿಗೆ ನೀರು ಬಿದ್ದು ಹಬೆಯಂತೆ ಘಾಟು ಮೇಲೆದ್ದಿತು, ಸೀರೆಯ ಈಚೆಗೂ ಬಂತು. ಕೆಲವರು ಮೂಗಿಗೆ ಸೆರಗು ಹಿಡಿದರು. ಎರಡನೆಯ ಕೊಡ, ಮೂರನೆಯದು. ಸುಬ್ಬಾತಾಳ್ ಇದ್ದಕ್ಕಿದ್ದಂತೆ ತೋಳು ಬಿಡಿಸಿಕೊಂಡು ಮನೆಯೊಳಕ್ಕೆ ನಡೆದಳು. ಅಳುವುದಕ್ಕೆ ಹೋದಳೆಂದುಕೊಂಡು ಒಬ್ಬಳು ಹಿಂದೆಯೇ ಓಡಿದಳು. ಅವಳು ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲು ತೆರೆದು ಹೊರಗೆ ಕೈಚಾಚಿದಳು. ನೋಡದೆಯೇ ಕೈ ಮೊಳೆಯನ್ನು ಮುಟ್ಟಿತು.

ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದಳು. ಅಂಗಳದಲ್ಲಿ ಮೈಯೊರೆಸಲು ಹೊಸ ಬಿಳಿ ಬಟ್ಟೆ ಬಿಚ್ಚಿ ಹಿಡಿದು ನಿಂತಿದ್ದರು. ಅವಳು ಸೀರೆ ಸರಿಸಿ ಒಳಗೆ ಹೋದಳು. ಬೇಡ ಎನ್ನಲು ಬಾಯಿ ತೆರೆದವನು ದೊರೈಸಾಮಿಯ ಕಡೆ ನೋಡಿ ಸುಮ್ಮನಾದ. ಅವಳು ಗಂಡನ ಗಲ್ಲ ಹಿಡಿದು ತಲೆಯನ್ನು ಒಂದು ಬದಿಗೆ ವಾಲಿಸಿ, ಮೊದಲು ಕಿವಿಯ ಹಿಂದೆ ಒರೆಸಿದಳು. ಅಲ್ಲಿ ಯಾವಾಗಲೂ ನೀರು ಉಳಿದಿರುತ್ತಿತ್ತು.